ಮುನ್ನೂರು ಓಮ್‌ನ ಹೆಡ್‌ಫೋನು: ಆರನೇ ಕಂತು

"ಬಿಚ್ಚಬೇಡಿ ಅಂದೆ ಅಲ್ವೇನಮ್ಮಾ!"

ಚನ್ನರಾಯಪಟ್ಟಣದ ವ್ಯಾಪಾರಿ ಚನ್ನಬಸವಯ್ಯನವರ ಕೂಗಿಗೆ ಕೆಳಗಿನ ಮಂಡಿಯಲ್ಲಿ ಕೊಬ್ಬರಿ ಚೀಲ ಹೊಲಿಯುತ್ತಿದ್ದವರೂ ತಲೆ ಎತ್ತಿದರು. ಅಷ್ಟರಲ್ಲಿ ಆಶಾರಾಣಿಯ ಸ್ಕ್ರೂಡ್ರೈವರ್ ತನ್ನ ಕೆಲಸ ಮುಗಿಸಿಬಿಟ್ಟಿತ್ತು. ಹೆಡ್‌ಫೋನಿನ ಎಡಗಡೆಯ ಬಟ್ಟಲು ಟವೆಲ್ಲಿನ ಮೇಲೆ ಬಾಯಿ ತೆರೆದುಕೊಂಡು ಮಲಗಿತ್ತು.

"ಬಿಚ್ಚಿ ಆಯ್ತಲ್ಲ ಸರ್. ಇನ್ನು ಬೈದು ಏನು ಬಂತು?"

ಬೈಸಿಕೊಳ್ಳುವುದು ಆಶಾರಾಣಿಗೆ ಹೊಸದೇನಲ್ಲ. ಹಾಸನದ ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಹದಿನೆಂಟು ವರ್ಷ ಸಹಾಯಕಿಯಾಗಿದ್ದವಳು, ಒಂದು ದಿನ ಅದನ್ನೆಲ್ಲ ಬಿಟ್ಟು ಬಸ್ ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿಯ ಮೇಲೆ ಪತ್ತೇದಾರಿ ಕಚೇರಿ ತೆರೆದಳು. ಪ್ರಯೋಗಾಲಯದಿಂದ ಆಕೆ ಜೊತೆಗೆ ತಂದದ್ದು ಎರಡೇ. ಒಂದು ಹಳೆಯ ಮಲ್ಟಿಮೀಟರು, ಇನ್ನೊಂದು ಮುಚ್ಚಿದ್ದನ್ನು ಕಂಡರೆ ತೆರೆದು ನೋಡುವ ಚಟ.

ಮಂಡಿಯ ಮೇಲಿನ ಈ ಕೋಣೆಯಲ್ಲೇ ಮೂರು ವಾರದ ಹಿಂದೆ ಎಲ್ಲ ಶುರುವಾಗಿತ್ತು. ಹೊಳೆನರಸೀಪುರದ ರಿಪೇರಿ ಅಂಗಡಿಯ ಪುಟ್ಟಸ್ವಾಮಿ ತನ್ನ ಕೈಯಾರೆ ಕಟ್ಟಿದ ಮೇಜಿನ ಆಂಪ್ಲಿಫೈಯರಿಗೆ ಚನ್ನಬಸವಯ್ಯ ತಮ್ಮ ಜರ್ಮನಿಯ ಹೆಡ್‌ಫೋನು ಚುಚ್ಚಿ, ದನಿ ಏರಿಸಿದ ಕೂಡಲೇ ಎಡಗಡೆ ಫಟ್ಟೆಂದು ಸುಟ್ಟುಹೋಗಿತ್ತು.

ಸುದ್ದಿ ವಾಟ್ಸ್ಆ್ಯಪಿಗೆ ಬಿದ್ದದ್ದೇ ತಡ, ನಾಲ್ಕು ತಾಲೂಕಿನಲ್ಲಿ ಪುಟ್ಟಸ್ವಾಮಿಯ ಸೆಟ್ಟು ಇಟ್ಟುಕೊಂಡವರೆಲ್ಲ ಒಬ್ಬೊಬ್ಬರಾಗಿ ವಾಪಸ್ ತಂದಿಡತೊಡಗಿದರು. ಮೂವತ್ತನಾಲ್ಕು ವರ್ಷದ ಹೆಸರು ಹದಿನೈದು ದಿನದಲ್ಲಿ ನೀರಿಗೆ ಬಿತ್ತು. 'ಸೋಮವಾರದೊಳಗೆ ತಪ್ಪು ನನ್ನದಲ್ಲ ಅಂತ ತೋರಿಸಿ ಮೇಡಂ, ಇಲ್ಲದಿದ್ದರೆ ಅಂಗಡಿ ಬೋರ್ಡ್ ನಾನೇ ಇಳಿಸ್ತೀನಿ' ಎಂದು ಆ ಮನುಷ್ಯ ಆಶಾರಾಣಿಯ ಕಚೇರಿಗೆ ಬಂದು ಹೇಳಿದ್ದ. ಇವತ್ತು ಶನಿವಾರ.

ಆಶಾರಾಣಿ ಮೀಟರಿನ ಎರಡು ಕಡ್ಡಿಗಳನ್ನು ಎಡಗಡೆಯ ತಂತಿಗೆ ತಾಗಿಸಿದಳು. ಮೀಟರು ಏನನ್ನೂ ತೋರಿಸಲಿಲ್ಲ. ಸುಟ್ಟುಹೋದದ್ದು ಹಾಗೇ ಇರುತ್ತದೆ.

ಇನ್ನೂ ಜೀವಂತವಿದ್ದ ಬಲಗಡೆಯ ತಂತಿಗೆ ತಾಗಿಸಿದಳು. ಮೂವತ್ತೆರಡು.

ಕಡ್ಡಿ ತೆಗೆದು, ಸೆರಗಿನಲ್ಲಿ ತುದಿ ಒರೆಸಿ, ಮತ್ತೆ ತಾಗಿಸಿದಳು. ಮೂವತ್ತೆರಡೇ.

"ಸರ್, ನಿಮ್ಮ ಹೆಡ್‌ಫೋನು ಎಷ್ಟು ಓಮಿನದು?"

"ಮುನ್ನೂರು. ಡಬ್ಬದ ಮೇಲೇ ಬರೆದಿದೆಯಲ್ಲ. ಮಾಮೂಲಿ ಫೋನಿಗೆ ಹಾಕಿದರೆ ಅದು ಮಾತೇ ಆಡಲ್ಲ ಅಂತ ತಾನೇ ನಾನು ಆಂಪ್ಲಿಫೈಯರ್ ಕಟ್ಟಿಸಿದ್ದು."

"ಇದರ ಒಳಗಿರೋದು ಮೂವತ್ತೆರಡು ಓಮಿನದು."

ಚನ್ನಬಸವಯ್ಯ ಕನ್ನಡಕ ಸರಿಮಾಡಿಕೊಂಡರು. "ಅಂದ್ರೆ?"

"ಮುನ್ನೂರರದು ಗಟ್ಟಿ ಆಸಾಮಿ ಸರ್, ಜೋರಾಗಿ ಗದರಿದರೇನೇ ಏಳೋದು. ಮೂವತ್ತೆರಡರದಕ್ಕೆ ಪಿಸುಗುಟ್ಟಿದರೆ ಸಾಕು. ಪುಟ್ಟಸ್ವಾಮಿ ಮುನ್ನೂರಕ್ಕೆ ಸರಿಯಾಗಿ ಗದರೋ ಹಾಗೆ ಮಿಷನ್ ಕಟ್ಟಿದ್ದಾರೆ. ಇದು ಆ ಗದರಿಕೆಗೇ ಸತ್ತಿದೆ. ಬಟ್ಟಲು ನಿಮ್ಮದೇ, ಆದರೆ ಒಳಗಿನದನ್ನ ಯಾರೋ ಕಿತ್ತು ಬೇರೆ ಕೂರಿಸಿದ್ದಾರೆ."

ಆಂಪ್ಲಿಫೈಯರಿನ ತಪ್ಪಲ್ಲವೆಂದು ತೋರಿಸಿಬಿಟ್ಟೆ ಎಂದು ಆಕೆ ಒಳಗೊಳಗೇ ಹಿಗ್ಗಿದಳು. ಆ ಹಿಗ್ಗು ಅರ್ಧ ನಿಮಿಷವೂ ಉಳಿಯಲಿಲ್ಲ.

"ಹಾಗಾದರೆ ಅವನು ಕಳ್ಳ!" ಚನ್ನಬಸವಯ್ಯ ಎದ್ದು ನಿಂತರು. "ಎಂಟು ದಿನ ಅವನ ಅಂಗಡೀಲಿತ್ತು. ಆಂಪ್ಲಿಫೈಯರಿಗೆ ಜೋಡಿ ಕೂಡಿಸಿ ಕೊಡ್ತೀನಿ ಅಂತ ಇಟ್ಟುಕೊಂಡು ಕರುಳೇ ಕಿತ್ತುಕೊಂಡವ್ನೆ! ಇಷ್ಟು ದಿನ ಕೈಲಾಗದವನು ಅಂದುಕೊಂಡಿದ್ದೆ. ಇನ್ನು ಸುಮ್ಮನಿರಲ್ಲ, ಪೊಲೀಸಿಗೇ ಕೊಡ್ತೀನಿ."

ಆಶಾರಾಣಿಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಕಾಪಾಡಲು ಬಂದವಳೇ ಪುಟ್ಟಸ್ವಾಮಿಯನ್ನು ಬಾಣಲೆಯಿಂದ ಎತ್ತಿ ಬೆಂಕಿಗೆ ಹಾಕಿದ್ದಳು.

"ಸೋಮವಾರದವರೆಗೆ ತಡೀರಿ ಸರ್. ಯಾರಿಗೂ ಹೇಳಬೇಡಿ. ಪಾರ್ಸೆಲ್ ಬಂದಾಗ ಹೇಗಿತ್ತು, ಅದು ಹೇಳಿ."

"ಹೇಳೋದೇನು, ತೋರಿಸ್ತೀನಿ." ಅವರು ಮೊಬೈಲು ತೆಗೆದರು. "ನಮ್ಮ ಮಂಡಿಗೆ ಒಂದು ಲೋಡು ಬಂದರೂ ಬಿಚ್ಚೋಕೆ ಮುಂಚೆ ವಿಡಿಯೋ ಮಾಡ್ತೀವಿ. ಆಮೇಲೆ ಅದು ಒದ್ದೆ ಇತ್ತು, ಇದು ಬೂಷ್ಟು ಹಿಡಿದಿತ್ತು ಅಂತ ಜಗಳ ಬರುತ್ತಲ್ಲ. ಇದನ್ನೂ ಹಾಗೇ ಮಾಡಿದೆ."

ಆಶಾರಾಣಿಗೆ ಆ ಕೊಬ್ಬರಿ ವ್ಯಾಪಾರಿಯ ಕಾಲಿಗೆ ಬೀಳಬೇಕೆನ್ನಿಸಿತು. ವಿಡಿಯೋದಲ್ಲಿ ಮರದ ಪೆಟ್ಟಿಗೆ, ನಡುವೆ ಹಲಗೆ. ಹಲಗೆಯ ಒಂದು ಕಡೆ ಭಾರದ ಆಂಪ್ಲಿಫೈಯರು, ಇನ್ನೊಂದು ಕಡೆ ಹಳೆಯ ಹತ್ತಿ ಸೀರೆಯಲ್ಲಿ ಕೂತ ಹೆಡ್‌ಫೋನು. ದನಿಯ ತಿರುಪು ಸೊನ್ನೆಯಲ್ಲಿತ್ತು, ಅದು ಅಲ್ಲಾಡದಂತೆ ಮೇಲೊಂದು ಕಾಗದದ ಪಟ್ಟಿ ಅಂಟಿಸಿತ್ತು. ಎಲ್ಲವೂ ಪುಟ್ಟಸ್ವಾಮಿಯ ಅಚ್ಚುಕಟ್ಟೇ. ಆತನ ಅಂಗಡಿಯ ಗೋಡೆಯ ಮೇಲೆ ಈ ಕಟ್ಟಳೆಗಳನ್ನೆಲ್ಲ ಆಕೆ ಓದಿದ್ದಳು: ಭಾರದ್ದು ಹಗುರದ್ದು ಒಟ್ಟಿಗೆ ಇಡಬಾರದು, ಕಿವಿಯ ಮೆತ್ತೆ ಅದುಮಬಾರದು, ಹೆಡ್‌ಫೋನಿನ ಪಿನ್ನನ್ನು ಸೆಟ್ಟಿಗೆ ಚುಚ್ಚಿಟ್ಟು ಸಾಗಿಸಬಾರದು, ತಂತಿಯನ್ನು ಎಂಟು ಸಡಿಲ ಸುತ್ತು ಸುತ್ತಿ ಬಟ್ಟೆಯ ಪಟ್ಟಿಯಿಂದ ಕಟ್ಟಬೇಕು, ಬಿಗಿಯಬಾರದು.

"ನಿಲ್ಲಿಸಿ, ನಿಲ್ಲಿಸಿ. ಸ್ವಲ್ಪ ಹಿಂದಕ್ಕೆ."

ತಂತಿ ಸಡಿಲವಾಗಿರಲಿಲ್ಲ. ತನ್ನ ಮೇಲೇ ತಾನು ಹೊಸೆದುಕೊಂಡಿತ್ತು. ಒಂದು ಸುತ್ತು ಈಚೆಗೆ, ಒಂದು ಸುತ್ತು ಆಚೆಗೆ, ಮೂರನೆಯದಕ್ಕೆ ಕುಣಿಕೆ ಹಾಕಿ ಬಿಗಿ, ಮತ್ತೆ ಅದೇ. ಮೊದಲಿಂದ ಕೊನೆಯವರೆಗೆ ಒಂದೇ ಅಳತೆ.

ಈ ಕಟ್ಟನ್ನು ಆಶಾರಾಣಿ ಬಲ್ಲಳು. ಚಿಕ್ಕಂದಿನಲ್ಲಿ ಅರಕಲಗೂಡಿನ ಕಡೆಯ ಸೋದರತ್ತೆ ಮನೆಗೆ ಹೋದಾಗಲೆಲ್ಲ ಹೊಗೆಸೊಪ್ಪಿನ ಎಲೆಗಳನ್ನು ಉದ್ದನೆಯ ಕಡ್ಡಿಗೆ ಹುರಿಯಿಂದ ಕಟ್ಟಿ ಬೆರಳ ಸಂದು ಕುಯ್ದುಕೊಂಡವಳು ಆಕೆ. ಹೆಡ್‌ಫೋನಿನ ಮೆತ್ತೆಯನ್ನು ಎತ್ತಿ ಮೂಗಿಗೆ ಹಿಡಿದಳು. ಮೂರು ವಾರವಾದರೂ ಹದವಾದ ಸೊಪ್ಪಿನ ಸಿಹಿಘಾಟು ಅದರಲ್ಲಿ ಉಳಿದಿತ್ತು.

"ಸರ್, ಆಂಪ್ಲಿಫೈಯರಿನ ಹಿಂದೆ ಒಂದು ಸಣ್ಣ ಸ್ವಿಚ್ಚಿದೆ. ವಿಡಿಯೋದಲ್ಲಿ ಅದು ಕೆಳಗಿದೆ. ಈಗ ಮೇಲಿದೆ."

"ಅದು ಜೋರಿಗೆ, ಮೆಲ್ಲಗೆ ಅಂತ ಇರೋ ಸ್ವಿಚ್ಚು. ಪುಟ್ಟಸ್ವಾಮಿ ಚೀಟಿ ಅಂಟಿಸಿದ್ದ ನೋಡಿ, 'ಮುನ್ನೂರು ಓಮ್, ಸ್ವಿಚ್ಚು ಮೇಲಿರಲಿ' ಅಂತ. ಕೆಳಗಿತ್ತು, ನಾನೇ ಮೇಲೆ ಮಾಡಿದೆ. ಬರೆದ ಹಾಗೆ ಮಾಡಿದ್ದು ತಪ್ಪೇನಮ್ಮ?"

ತಪ್ಪಲ್ಲ. ಆದರೆ ಕಟ್ಟಿ ಕಳಿಸಿದವರು ಚೀಟಿಗೆ ವಿರುದ್ಧವಾಗಿ ಸ್ವಿಚ್ಚನ್ನು ಕೆಳಗೆ ಇಟ್ಟಿದ್ದರಲ್ಲ, ಅದು ಆಶಾರಾಣಿಯ ತಲೆಯಲ್ಲಿ ಸಿಕ್ಕಿಹಾಕಿಕೊಂಡಿತು. ಒಳಗೆ ಮೂವತ್ತೆರಡಿದೆ ಎಂದು ಅವರಿಗೆ ಗೊತ್ತಿತ್ತು. ಅದು ಸುಡಬಾರದು ಎಂಬ ಇಷ್ಟವೂ ಇತ್ತು. ಕದ್ದವನಿಗೆ ಆಮೇಲೆ ಸುಟ್ಟರೇನು, ಬಿಟ್ಟರೇನು? ಹೀಗೆ ಕಾಳಜಿ ಮಾಡುವ ಕಳ್ಳನನ್ನು ಆಕೆ ಇಲ್ಲಿಯವರೆಗೆ ಕಂಡಿರಲಿಲ್ಲ. ಕಾಣಬೇಕೆಂಬ ಆಸೆ ಹುಟ್ಟಿತು.

"ಪೆಟ್ಟಿಗೆ ತಂದುಕೊಟ್ಟವರು ಯಾರು?"

"ಪುಟ್ಟಸ್ವಾಮಿ ಅಳಿಯ, ಹರ್ಷವರ್ಧನ್ ಅಂತ. ಅರಕಲಗೂಡು ಕಡೆಯೋರು. ದೊಡ್ಡ ಹೊಗೆಸೊಪ್ಪಿನ ಬೆಳೆಗಾರರು."

'ನಂಬಿಕಸ್ತರ ಕೈಲಿ ಕಳಿಸಿದೆ' ಎಂದಷ್ಟೇ ಪುಟ್ಟಸ್ವಾಮಿ ಆಕೆಗೆ ಹೇಳಿದ್ದ. ಆ ನಂಬಿಕಸ್ತ ತನ್ನ ಅಳಿಯನೇ ಎಂದು ಬಾಯಿ ಬಿಟ್ಟಿರಲಿಲ್ಲ.

ಅರಕಲಗೂಡಿಗೆ ಹೋಗುವ ದಾರಿ ಹೊಳೆನರಸೀಪುರದ ಮೇಲೇ. ಪೇಟೆಯಲ್ಲಿ ಸ್ಕೂಟರು ನಿಧಾನ ಮಾಡಿದಾಗ ಪುಟ್ಟಸ್ವಾಮಿಯ ಅಂಗಡಿ ಕಂಡಿತು. ಶಟರು ಅರ್ಧ ಇಳಿದಿತ್ತು. ಜನ ವಾಪಸ್ ತಂದಿಟ್ಟ ಸೆಟ್ಟುಗಳ ನಡುವೆ ಆತ ಎಡಗಿವಿಗೆ ಯಾವುದೋ ಹೆಡ್‌ಫೋನು ಒತ್ತಿಕೊಂಡು, ಬೆನ್ನು ಮಾಡಿ ಕೂತಿದ್ದ. ಆಕೆ ಎರಡು ಸಲ ಹಾರನ್ ಮಾಡಿದಳು. ಆತ ತಿರುಗಲಿಲ್ಲ. ಪಾಪ, ಮನಸ್ಸು ಎಲ್ಲೋ ಇರಬೇಕು ಎಂದುಕೊಂಡು ಮುಂದೆ ಹೋದಳು. ನಿಂತು ಮಾತಾಡಿಸಿದ್ದರೆ ಅಳಿಯನ ಹೆಸರು ಎತ್ತಬೇಕಾಗುತ್ತಿತ್ತು, ಅದಕ್ಕೆ ಆಕೆಗೆ ಧೈರ್ಯ ಬರಲಿಲ್ಲ.

ಅರಕಲಗೂಡಿನಾಚೆ ಎಲ್ಲ ಕಡೆ ಸೊಪ್ಪು ಮುರಿಯುವ ಕಾಲ. ಹರ್ಷವರ್ಧನನ ಮನೆ ಹಿಂದೆ ಸೊಪ್ಪು ಬೇಯಿಸುವ ಎತ್ತರದ ಬ್ಯಾರನ್ನು, ಅದರ ಮುಂದಿನ ಶೆಡ್ಡಿನಲ್ಲಿ ಹತ್ತು ಹನ್ನೆರಡು ಹೆಂಗಸರು ಸಾಲಾಗಿ ಕೂತು ಕಡ್ಡಿಗೆ ಎಲೆ ಕಟ್ಟುತ್ತಿದ್ದರು. ಹರ್ಷವರ್ಧನ್ ಮೂವತ್ತೈದರ ಆಳು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಬಂದವಳು ಪತ್ತೇದಾರಿ ಎಂದು ತಿಳಿದ ಮೇಲೆ ಕುರ್ಚಿ ಕೂಡ ಹಾಕಿಸಲಿಲ್ಲ.

"ಪೊಲೀಸ್ನೋರಾ ನೀವು?"

"ಅಲ್ಲ."

"ಮತ್ಯಾಕೆ ನಾನ್ ಉತ್ರ ಕೊಡ್ಲಿ? ಪೆಟ್ಗೆ ಕೊಟ್ರು, ತಕಂಡೋದೆ, ಕೊಟ್ ಬಂದೆ. ಅಷ್ಟೇ ಕಣಮ್ಮ ನಂಗೊತ್ತಿರದು."

"ಕೊಟ್ಟವರು ಯಾರು?"

"ಇನ್ಯಾರು, ನಮ್ ಮಾವ."

"ಮಾವ ಹೊಳೆನರಸೀಪುರದಲ್ಲಿ ಕೊಟ್ಟ ಪೆಟ್ಟಿಗೆಯ ಒಳಗೆ ನಿಮ್ಮ ಬ್ಯಾರನ್ನಿನ ವಾಸನೆ ಹೇಗೆ ಬಂತು?"

ಹರ್ಷವರ್ಧನ್ ಬ್ಯಾರನ್ನಿನ ಕಡೆ ತಿರುಗಿ ನೋಡಿದ. ಆಶಾರಾಣಿ ಬ್ಯಾಗಿನಿಂದ ತನ್ನ ಮೊಬೈಲು ಚಾರ್ಜರಿನ ವೈರು ತೆಗೆದು ಅವನ ಮುಂದೆ ಹಿಡಿದಳು.

"ಇದನ್ನ ಒಂದು ಸಲ ಸುತ್ತಿ ಕೊಡಿ."

"ಏನ್ ತಮಾಷೆನಾ?"

"ಸುತ್ತಿ ಕೊಡಿ, ಹೊರಟುಹೋಗ್ತೀನಿ."

ಪೀಡೆ ತೊಲಗಲಿ ಎಂದು ಅವನು ವೈರನ್ನು ಅಂಗೈಗೆ ಅಡ್ಡಾದಿಡ್ಡಿ ಸುತ್ತಿ ಕೈಗಿತ್ತ. ಅದು ಆಕೆಯ ಕೈಗೆ ಬರುವಷ್ಟರಲ್ಲೇ ಬಿಚ್ಚಿಕೊಂಡು ನೆಲಕ್ಕೆ ಜೋತುಬಿತ್ತು. ಹೊಗೆಸೊಪ್ಪು ಬೆಳೆದು ಮಾರುವವನೇ ಹೊರತು ಒಂದು ಕಡ್ಡಿಯನ್ನೂ ಕಟ್ಟಿದವನಲ್ಲ.

ಇದನ್ನು ನೋಡಿ ಸಾಲಿನ ಹೆಂಗಸರು ಕಿಸಕ್ಕೆಂದರು. ನಗದೆ ಇದ್ದವಳು ಒಬ್ಬಳೇ. ಸಾಲಿನ ಕೊನೆಯಲ್ಲಿ, ಕೂಲಿಯವರಂತೆ ತಲೆಗೆ ಟವೆಲ್ ಸುತ್ತಿಕೊಂಡು ಕೂತಿದ್ದಳು. ಅವಳ ಬೆರಳುಗಳು ಮಾತ್ರ ನಿಂತಿರಲಿಲ್ಲ. ಈಚೆಗೊಂದು, ಆಚೆಗೊಂದು, ಮೂರನೆಯದಕ್ಕೆ ಕುಣಿಕೆ, ಬಿಗಿ. ವಿಡಿಯೋದ ತಂತಿಯಲ್ಲಿದ್ದ ಅಳತೆಯೇ ಅದು.

"ಅವರು ಯಾರು?"

"ನಮ್ಮನೆಯೋಳು." ಹರ್ಷವರ್ಧನನ ದನಿ ಇಳಿಯಿತು. "ಸ್ನೇಹಲತಾ. ಅವಳ್ನ ಏನೂ ಕೇಳ್ಬ್ಯಾಡಿ."

ಸ್ನೇಹಲತಾ ಕಡ್ಡಿಯನ್ನು ಕೆಳಗಿಟ್ಟು ತಾನಾಗಿಯೇ ಎದ್ದು ಬಂದಳು. ಅಪ್ಪನದೇ ಅಗಲ ಹಣೆ, ಅಪ್ಪನದೇ ಗಿಡ್ಡ ಬೆರಳುಗಳು.

"ಬುಡಿ ಅತ್ಲಾಗೆ. ಎಷ್ಟ್ ದಿನ ಅಂತ ಮುಚ್ಕಳದು?" ಎಂದು ಗಂಡನಿಗೆ ಹೇಳಿ ಆಶಾರಾಣಿಯ ಕಡೆ ತಿರುಗಿದಳು. "ನಾನೇ ಮೇಡಂ. ಬಿಚ್ಚಿದ್ದೂ ನಾನೇ, ಬ್ಯಾರೆ ಕೂರ್ಸಿದ್ದೂ ನಾನೇ, ಕಟ್ಟಿದ್ದೂ ನಾನೇ. ಅಪ್ಪ ಸಡ್ಲ ಸುತ್ಬೇಕು ಅಂತ ಅದೆಷ್ಟ್ ಸಲ ಏಳ್ಕೊಟ್ಟಿದ್ರೋ. ಆರು ವರ್ಸದಿಂದ ಇದೇ ಕಟ್ಟೀನಲ್ಲ, ಕೈ ಅಂಗೇ ಓಗ್ಬುಡ್ತು."

"ಯಾಕೆ?"

"ಅಪ್ಪನ ಮಾನ ಉಳ್ಸಕ್ಕೆ." ಅವಳ ಕಣ್ಣು ತುಂಬಿ ಬಂತು. "ಜೋಡಿ ಕೂಡ್ಸಿ ಎಲ್ಲಾ ಮುಗ್ದಿತ್ತು. ಕೊನೇ ದಿನ ಅಪ್ಪ ಪೋನ್ ಮಾಡಿ ಅತ್ಬುಟ್ರು. ಅವ್ರು ಅತ್ತಿದ್ದು ನಾನು ಯಾವತ್ತೂ ಕೇಳಿರ್ಲಿಲ್ಲ. 'ಮಗಾ, ನನ್ ಕೈಲಿ ಆ ಹೆಡ್‌ಪೋನು ಸತ್ತೋಯ್ತು, ಬಲಗಡೆ ಉಸ್ರೇ ಇಲ್ಲ. ಮೂವತ್ನಾಕು ವರ್ಸದಲ್ಲಿ ಇಂಗಾಗಿಲ್ಲ, ಚನ್ನಬಸವಯ್ಯನೋರ್ಗೆ ಯಾವ ಮಕ ತೋರ್ಸ್ಲಿ' ಅಂತ. ನಾನೇ ಸಮಾಧಾನ ಮಾಡ್ದೆ. ಹಾಸನದಲ್ಲಿ ಗೊತ್ತಿರೋರವ್ರೆ, ರಿಪೇರಿ ಮಾಡ್ಸಿ ಸೀದಾ ಚನ್ನರಾಯಪಟ್ನಕ್ಕೆ ಕಳಿಸ್ತೀನಿ, ನೀನು ಯಾರ್ಗೂ ಬಾಯಿ ಬಿಡ್ಬ್ಯಾಡ ಅಂತ ಆಣೆ ಆಕಿಸ್ಕಂಡು, ಇವ್ರ ಕೈಲಿ ಪೆಟ್ಗೆ ಇಲ್ಲಿಗ್ ತರ್ಸ್ಕಂಡೆ."

"ರಿಪೇರಿ ಮಾಡಿಸಲಿಲ್ಲ."

"ಎಲ್ಲೀ ರಿಪೇರಿ? ಅದಕ್ಕೆ ಬೇಕಾದ್ದು ಸಿಗಕ್ಕೆ ಎರಡು ತಿಂಗಳು ಅಂದ್ರು. ನನ್ ಹೆಡ್‌ಪೋನಿಂದು ಕಿತ್ತು, ಅಳತೆ ಸಾಲ್ದು ಅಂತ ಡಬ್ಬದ ಮುಚ್ಚಳ ಕತ್ತರಿಸಿ ಬಳೆ ಮಾಡಿ, ಅದ್ರೊಳಗೆ ಕೂರ್ಸಿದೆ. ಒಂದ್ ಕಡೆ ಒಂದು, ಇನ್ನೊಂದ್ ಕಡೆ ಇನ್ನೊಂದು ಆದ್ರೆ ಗೊತ್ತಾಯ್ತದೆ ಅಂತ ಎರಡೂ ಬದಲಾಯಿಸ್ದೆ. ಎರಡು ತಿಂಗಳಲ್ಲಿ ಸರಿಯಾದ್ದು ತರ್ಸಿ, ಏನಾರ ನೆಪ ಏಳಿ ವಾಪಸ್ ಕೂರ್ಸದು ಅನ್ಕಂಡಿದ್ದೆ. ಸುಡ್ಬಾರ್ದು ಅಂತ ಸ್ವಿಚ್ಚು ಕೆಳಗೆ ಮಾಡಿದ್ದೆ. ಚೀಟಿ ಕೀಳಕ್ಕೆ ಮನಸ್ ಬರ್ಲಿಲ್ಲ, ಅಪ್ಪನ ಅಕ್ಸರ. ಅದಕ್ಕೆ ಇವ್ರಿಗೆ ಏಳಿದ್ದೆ, ಸ್ವಿಚ್ಚು ಮುಟ್ಬ್ಯಾಡಿ ಅಂತ ಏಳಿ ಬನ್ನಿ ಅಂತ."

ಹರ್ಷವರ್ಧನ್ ನೆಲ ನೋಡುತ್ತಾ ನಿಂತಿದ್ದ. "ಮಂಡಿ ಬಾಗ್ಲಲ್ಲಿ ಪೋನ್ ಬಂತು. ಮರ್ತೋದೆ ಕಣ್ರೀ."

ಇಷ್ಟಕ್ಕೇ ಒಬ್ಬ ಮನುಷ್ಯನ ಬಾಳು ಮೂರಾಬಟ್ಟೆಯಾಗಿತ್ತು. ಆಶಾರಾಣಿಗೆ ಅವನ ಮೇಲೆ ಸಿಟ್ಟು ಬಂತು, ಅವಳ ಮೇಲೆ ಮರುಕ ಬಂತು. ಜೊತೆಗೆ ಆ ಹಳೆಯ ಚಟವೂ ಎದ್ದಿತು.

"ಕಿತ್ತ ಒರಿಜಿನಲ್ ಎಲ್ಲಿವೆ?"

ಸ್ನೇಹಲತಾ ಒಳಗೆ ಹೋಗಿ ಹೆಸರುಕಾಳಿನ ಡಬ್ಬ ತಂದಳು. ಹತ್ತಿಯಲ್ಲಿ ಸುತ್ತಿದ ಎರಡು ದುಂಡನೆಯ ಬಿಲ್ಲೆಗಳು ಅದರಲ್ಲಿದ್ದವು. ಒಂದರ ಮೇಲೆ ಸ್ಕೆಚ್ ಪೆನ್ನಿನಲ್ಲಿ 'ಎ' ಎಂದೂ ಇನ್ನೊಂದರ ಮೇಲೆ 'ಬ' ಎಂದೂ ಗುರುತು ಮಾಡಿದ್ದಳು.

ಆಶಾರಾಣಿ ಜಗಲಿಯ ಮೇಲೆ ಮೀಟರು ಇಟ್ಟಳು. ಎಡದ್ದು: ಮುನ್ನೂರರ ಆಸುಪಾಸು, ಸರಿ. ಬಲದ್ದು ಸತ್ತದ್ದು, ಏನೂ ತೋರಿಸಬಾರದು.

ಮುನ್ನೂರು ತೋರಿಸಿತು.

"ಕಡ್ಡಿ ಸರಿಯಾಗಿ ಇಡೀರಿ ಮೇಡಂ," ಎಂದಳು ಸ್ನೇಹಲತಾ.

ಸರಿಯಾಗಿ ಹಿಡಿದಳು. ಆಗಲೂ ಮುನ್ನೂರು. ತನ್ನ ಮೇಲೆ ತನಗೇ ನಂಬಿಕೆ ಬಾರದೆ, ಚೀಲದಲ್ಲಿದ್ದ ತಂತಿಯೊಂದರಿಂದ ಬಲಗಡೆಯದನ್ನು ಮೊಬೈಲಿಗೆ ಜೋಡಿಸಿ ಸುದ್ದಿ ಹಾಕಿ ಕಿವಿಯ ಹತ್ತಿರ ತಂದಳು. ಮೊಬೈಲಿನ ಬಲ ಸಾಲದೆ ದನಿ ಸಣ್ಣಗಿತ್ತು. ಆದರೆ ಮಾತು ಮಾತೂ ಬಿಡಿಸಿದಂತೆ ಕೇಳುತ್ತಿತ್ತು. ಕೈ ಚಾಚಿ ಸ್ನೇಹಲತಾಳ ಕಿವಿಗೂ ಹಿಡಿದಳು.

ಸ್ನೇಹಲತಾಳ ಮುಖ ಬಿಳಿಚಿಕೊಂಡಿತು. "ಇದು ಚೆನ್ನಾಗೈತೆ."

"ಇದು ಕೆಟ್ಟೇ ಇರಲಿಲ್ಲ. ಕಿತ್ತ ಮೇಲೆ ನೀನು ಮೀಟರ್ ಇಟ್ಟು ನೋಡಲಿಲ್ವಾ?"

"ಅಪ್ಪ ಏಳಿದ್ಮೇಲೆ ಮೀಟರ್ ಯಾಕ್ ಇಡ್ಲಿ? ನಮ್ಮಂಗ್ಡೀಲಿ ಅದು ಪದ್ಧತೀನೇ ಇಲ್ಲ. ಅಪ್ಪ ಕಿವೀಲಿ ಏನ್ ಏಳಿದ್ರೆ ಅದೇ. ಮೀಟರ್ ಇಟ್ರೆ ಅವ್ರ ಕಿವಿಗೆ ಅಮಾನ ಮಾಡ್ದಂಗೆ. ಅವ್ರೇ ಏಳಿದ್ದಲ್ವಾ, ಬಲಗಡೆ..."

ಅವಳು ಅಲ್ಲಿಗೇ ನಿಂತಳು. ಕೈ ತಾನಾಗಿ ಬಲಗಿವಿಗೆ ಹೋಯಿತು.

ಹೆಡ್‌ಫೋನು ಸತ್ತಿರಲಿಲ್ಲ. ಪುಟ್ಟಸ್ವಾಮಿಯ ಬಲಗಿವಿ ಸತ್ತಿತ್ತು. ಮಧ್ಯಾಹ್ನ ಆತ ಹಾರನ್ನಿಗೆ ತಿರುಗದೆ ಕೂತಿದ್ದೇಕೆಂದು ಆಶಾರಾಣಿಗೆ ಆಗ ಹೊಳೆಯಿತು.

ಇದನ್ನು ಹೇಳಿದರೆ ಪುಟ್ಟಸ್ವಾಮಿ ಕಳ್ಳನಲ್ಲ ಎಂದಾಗುತ್ತದೆ, ಆಂಪ್ಲಿಫೈಯರೂ ಕೆಟ್ಟದ್ದಲ್ಲ ಎಂದಾಗುತ್ತದೆ. ಆದರೆ ಕಿವಿಯಿಲ್ಲದ ರಿಪೇರಿಯವನ ಹತ್ತಿರ ಮತ್ತೆ ಯಾರು ಹೋಗುತ್ತಾರೆ? ಹೇಳದಿದ್ದರೆ ಮಗಳು ಕಳ್ಳಿ.

"ಮೇಡಂ, ನಾನು ಕದ್ದೆ ಅಂತ್ಲೇ ಬರ್ಕಳಿ," ಎಂದಳು ಸ್ನೇಹಲತಾ. "ಅಪ್ಪನ ಕಿವಿ ಇಸ್ಯ ಎತ್ಬ್ಯಾಡಿ. ನಿಮ್ ಕಾಲಿಗ್ ಬೀಳ್ತೀನಿ."

"ಲೇ, ಉಚ್ಚು ಗಿಚ್ಚು ಇಡ್ದೈತಾ ನಿಂಗೆ?" ಎಂದು ಹರ್ಷವರ್ಧನ್ ಗದರಿದ. ಅವನ ದನಿಯಲ್ಲಿ ಮೊದಲಿನ ಜಂಬ ಉಳಿದಿರಲಿಲ್ಲ.

ಆಶಾರಾಣಿಯ ಮೊಬೈಲು ಬಡಿದುಕೊಂಡಿತು. ಪುಟ್ಟಸ್ವಾಮಿಯೇ. ಸ್ನೇಹಲತಾಳಿಗೂ ಕೇಳಲೆಂದು ಆಕೆ ಸ್ಪೀಕರಿಗೆ ಹಾಕಿದಳು.

"ಮೇಡಂ! ಚನ್ನಬಸವಯ್ಯನೋರು ಪೋನ್ ಮಾಡಿ ಬಾಯಿಗ್ ಬಂದಂಗ್ ಬಯ್ದ್ರು. ಒಳಗಿಂದು ಕದ್ದಿದೀಯ ಅಂದ್ರು."

ಚನ್ನಬಸವಯ್ಯನವರಿಗೆ ಸೋಮವಾರದವರೆಗೆ ಬಾಯಿ ಕಟ್ಟಿಕೊಳ್ಳಲು ಆಗಲಿಲ್ಲ. ಆಶಾರಾಣಿ ಕಣ್ಣು ಮುಚ್ಚಿಕೊಂಡಳು.

"ನೀವು ಬೇಜಾರು ಮಾಡ್ಕೋಬೇಡಿ, ನಾನು..."

"ಬ್ಯಾಜಾರಾ? ಇಲ್ಲ ಕಣಮ್ಮ, ಕುಸಿಯಾಗೈತೆ!" ಪುಟ್ಟಸ್ವಾಮಿಯ ದನಿಯಲ್ಲಿ ಮೂರು ವಾರದಿಂದ ಇಲ್ಲದ ಹುರುಪು ಬಂದಿತ್ತು. "ನಾನು ಅವ್ರಿಗೆ ಒಂದೇ ಮಾತು ಏಳ್ದೆ. ಕದ್ದು ಬದ್ಕೋ ಆಳಾ ಇಲ್ಲಾ ಕಿವೀಲಿ ಬದ್ಕೋ ಆಳಾ ನೋಡೇ ಬುಡಿ ಅಂದೆ. ನಾಳೆ ಅನ್ನೊಂದು ಗಂಟ್ಗೆ ನಮ್ಮಂಗ್ಡಿ ಮುಂದೆ. ಸೆಟ್ಟು ವಾಪಸ್ ಕೊಟ್ಟೋರೆಲ್ಲಾ ಬತ್ತಾರೆ. ಅವರು ಒಂದಲ್ಲ, ಅತ್ತು ಹೆಡ್‌ಪೋನು ತರ್ಲಿ. ಬೇಕಾದ್ದರಲ್ಲಿ ಎಡ ಕೆಡಿಸ್ಲಿ, ಬೇಕಾದ್ದರಲ್ಲಿ ಬಲ ಕೆಡಿಸ್ಲಿ. ಮೀಟರ್ ಮುಟ್ದಂಗೆ, ತಲೆಗೆ ಆಕ್ಕಂಡು, ಅತ್ತಕ್ಕೆ ಅತ್ತೂ ಏಳ್ತೀನಿ. ಒಂದ್ ತಪ್ಪಿದ್ರೂ ಕಳ್ಳ ಅಂತ ಒಪ್ಕಂಡು ಅವತ್ತೇ ಬೋರ್ಡ್ ಇಳ್ಸಿ ಟೇಸನ್ನಿಗೆ ಬತ್ತೀನಿ ಅಂದೆ. ಅವ್ರು ಒಪ್ಕಂಡ್ರು!"

ಸ್ನೇಹಲತಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಪುಟ್ಟಸ್ವಾಮಿಯವರೇ," ಆಶಾರಾಣಿ ಮೆಲ್ಲಗೆ ಶುರು ಮಾಡಿದಳು. "ನಾಳೆದು ಬೇಡ. ನಾನು ನಿಮ್ಮ ಹತ್ರ ಒಂದು ವಿಷಯ..."

"ತಡೀರಿ ಮೇಡಂ, ಒಂದ್ ನಿಮ್ಸ. ಪೋನ್ ಈ ಕಡೆ ಕಿವಿಗೆ ಆಕ್ಕತೀನಿ. ಆ ಕಡೇದು ಯಾಕೋ ಎರಡ್ ತಿಂಗ್ಳಿಂದ ಸರಿಯಾಗಿ ಬರದೇ ಇಲ್ಲ." ಅತ್ತ ಕಡೆಯಿಂದ ಬಟ್ಟೆ ಉಜ್ಜಿದ ಸದ್ದು ಬಂತು. "ಆಂ, ಏಳಿ. ಬತ್ತೀರಾ ತಾನೇ ನಾಳೆ? ನೀವು ಮುಂದಿನ ಸಾಲಲ್ಲಿ ಕೂತ್ಕಬೇಕು."

ಉತ್ತರಕ್ಕೂ ಕಾಯದೆ ಆತ ನಗುತ್ತಲೇ ಫೋನು ಇಟ್ಟ.

ಶೆಡ್ಡಿನಲ್ಲಿ ಹೆಂಗಸರ ಕೈಗಳೆಲ್ಲ ನಿಂತುಹೋಗಿದ್ದವು. ಸ್ನೇಹಲತಾ ಆಶಾರಾಣಿಯ ರಟ್ಟೆಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ಆ ಕಡೇದು ಬರದೇ ಇಲ್ಲ ಅಂತ ಅಪ್ಪನೇ ಅಂದ್ರಲ್ಲ. ಎರಡ್ ತಿಂಗ್ಳಿಂದ ಅಂದ್ರು. ಹೆಡ್‌ಪೋನು ಅವ್ರ ಕೈಗೆ ಬಂದು ಒಂದೂವರೆ ತಿಂಗ್ಳೂ ಆಗಿಲ್ಲ." ಅವಳು ಹೆಸರುಕಾಳಿನ ಡಬ್ಬದ ಕಡೆ ನೋಡಿದಳು. "ಮೇಡಂ, ಬಲಗಡೆ ಸತ್ತೋಯ್ತು ಅಂತ ನಂಗೆ ಪೋನ್ ಮಾಡ್ದಾಗ ಅವ್ರಿಗೆ ಗೊತ್ತಿತ್ತಾ?"